ಅಪ್ಪ ತಾರದ ಇಟ್ಟಿಗೆ

ಕಳೆದ ಬೇಸಿಗೆಯಲ್ಲಿ ಬೆಂಗಳೂರಿನಿಂದ ಬಂದ ಮಗ, ಹಿತ್ತಲಿನಲ್ಲಿ ಒಂದು ಸುಡುವ ಒಲೆ ಬೇಕೆಂದ. ಅವನ ಬಾಯಲ್ಲಿ ಅದು 'ಗ್ರಿಲ್'. ಎರಡು ಕಡೆ ಮೊಣಕಾಲೆತ್ತರದ ಗೋಡೆ, ನಡುವೆ ಕೆಂಡ, ಮೇಲೊಂದು ಕಬ್ಬಿಣದ ಜಾಲರಿ. ಜೋಳದ ತೆನೆ, ಗೆಣಸು, ಬದನೆಕಾಯಿ, ಬೇಕಾದವರಿಗೆ ಮೀನು. ಗ್ಯಾಸ್ ಬಂದ ಮೇಲೆ ಕೆಂಡದಲ್ಲಿ ಸುಟ್ಟ ಬದನೆಕಾಯಿಯ ಗೊಜ್ಜು ತಿಂದು ಎಷ್ಟು ವರ್ಷವಾಯಿತೋ ಎಂದು ನಾನೂ ಒಪ್ಪಿದೆ. ಗಾರೆ ಕೆಲಸದವನು ಮನೆ ಕಟ್ಟಿ ಉಳಿದಿದ್ದ ಇಟ್ಟಿಗೆ, ಸಿಮೆಂಟು ಹಾಕಿ ಅರ್ಧ ದಿನದಲ್ಲಿ ಕಟ್ಟಿಕೊಟ್ಟ. ಮೂರನೆಯ ಸಲ ಬೆಂಕಿ ಹಾಕಿದಾಗ ಒಂದು ಇಟ್ಟಿಗೆ ಫಟ್ಟೆಂದು ಸಿಡಿಯಿತು. ಸಂದಿನ ಸಿಮೆಂಟು ಹಿಟ್ಟಿನಂತೆ ಉದುರಿತು. "ಇದಕ್ಕೆ ಫೈರ್ ಬ್ರಿಕ್ಕೇ ಆಗಬೇಕು ಮೇಡಂ" ಎಂದ ಅವನು, ಮೊದಲೇ ಹೇಳಿದ್ದವನ ಹಾಗೆ.

ಆ ಹೆಸರು ಕೇಳಿ ನನಗೆ ನಗು ಬಂತು. ನಾನು ಹುಟ್ಟಿ ಬೆಳೆದದ್ದು ಭದ್ರಾವತಿಯಲ್ಲಿ. ಅಪ್ಪ ಕಬ್ಬಿಣದ ಕಾರ್ಖಾನೆಯ ಉಗ್ರಾಣದಲ್ಲಿ ಗುಮಾಸ್ತರು. ಫೈರ್ ಬ್ರಿಕ್ಕಿನ ಲೆಕ್ಕ ಬರೆದೇ ಅವರ ಕೈಬರಹ ಅಷ್ಟು ದುಂಡಗಾಗಿತ್ತೆಂದು ಅಮ್ಮ ತಮಾಷೆ ಮಾಡುತ್ತಿದ್ದಳು.

ಆ ಕಾರ್ಖಾನೆಯ ಕೆಲಸ ಶುರುವಾದದ್ದು 1918ರಲ್ಲಿ, ಮೈಸೂರು ಸಂಸ್ಥಾನದ ಹಣದಿಂದ. 1923ರ ಜನವರಿಯಲ್ಲಿ ಕುಲುಮೆಗೆ ಬೆಂಕಿ ಬಿತ್ತು. ದಿವಾನಗಿರಿ ಬಿಟ್ಟಿದ್ದ ವಿಶ್ವೇಶ್ವರಯ್ಯನವರು ಮುಂದೆ ಕೆಲವು ವರ್ಷ ಅದರ ಆಡಳಿತ ನೋಡಿಕೊಂಡರು. ನಮ್ಮ ಸೀಮೆಯಲ್ಲಿ ಕಲ್ಲಿದ್ದಲಿಲ್ಲ. ಹಾಗಾಗಿ ಅದಿರು ಕೆಮ್ಮಣ್ಣುಗುಂಡಿಯಿಂದ, ಇದ್ದಿಲು ಮಲೆನಾಡಿನ ಕಾಡಿನಿಂದ. ಎಷ್ಟು ಮರ ಬೂದಿಯಾಯಿತೋ, ಆ ಲೆಕ್ಕ ಅಪ್ಪನ ಪುಸ್ತಕದಲ್ಲಿರಲಿಲ್ಲ.

ಶಾಲೆಯಲ್ಲಿ ಈ ಪಾಠ ಮಾಡುವಾಗ ಪ್ರತಿ ವರ್ಷ ಯಾವುದಾದರೂ ಮಗು ಕೇಳಿಯೇ ಕೇಳುತ್ತದೆ: "ಮಿಸ್, ಒಳಗೆ ಕಬ್ಬಿಣ ನೀರಾಗುತ್ತೆ ಅಂದ್ರಲ್ಲ, ಕುಲುಮೆಯ ಹೊರಗಿನದೂ ಕಬ್ಬಿಣವೇ ಅಲ್ಲವಾ? ಅದ್ಯಾಕೆ ಕರಗಲ್ಲ?" ಒಳ್ಳೆಯ ಪ್ರಶ್ನೆ. ನಡುವೆ ಇಟ್ಟಿಗೆಯ ಗೋಡೆಯಿದೆ. ಸಿಲಿಕಾ, ಅಲ್ಯೂಮಿನಾ ಹೆಚ್ಚಾಗಿರುವ ಒಂದು ಬಗೆಯ ಜೇಡಿಯನ್ನು ಬಲವಾಗಿ ಸುಟ್ಟು ಮಾಡಿದ ಇಟ್ಟಿಗೆ ಅದು. ಸಾವಿರ ಡಿಗ್ರಿ ದಾಟಿದರೂ ಅಳುಕುವುದಿಲ್ಲ. ಆದರೂ ಸವೆಯುತ್ತದೆ. ಆಗಾಗ ಕುಲುಮೆ ಆರಿಸಿ, ಹಳೆಯದನ್ನು ಕಿತ್ತು, ಹೊಸದನ್ನು ಕಟ್ಟಬೇಕು. ಕಿತ್ತ ಇಟ್ಟಿಗೆ ರಾಶಿ ಬೀಳುತ್ತಿತ್ತು.

ಆ ರಾಶಿಯ ಮೇಲೆ ಅಮ್ಮನ ಕಣ್ಣು. ಬಚ್ಚಲೊಲೆಯ ಬಾಯಿ ವರ್ಷಕ್ಕೊಮ್ಮೆ ಬಿರಿದು ಬೀಳುತ್ತಿತ್ತು. "ನಾಕು ಇಟ್ಟಿಗೆ ತಂದ್ರೆ ಕಾರ್ಖಾನೆ ಮುಳುಗುತ್ತಾ?" ಎಂದು ಅವಳು. "ಅದು ನಮ್ಮದಲ್ಲ" ಎಂದು ಅಪ್ಪ. ಅಷ್ಟರ ಮೇಲೆ ಮಾತಿಲ್ಲ. ಅಮ್ಮ ಎರಡು ದಿನ ಮುಖ ಊದಿಸಿಕೊಂಡಿದ್ದು, ಮೂರನೆಯ ದಿನ ಹುತ್ತದ ಮಣ್ಣು ತರಿಸಿ, ಭತ್ತದ ಹೊಟ್ಟು, ಒಂದಿಷ್ಟು ಸಗಣಿ ಬೆರೆಸಿ ಕಾಲಲ್ಲಿ ತುಳಿಯುತ್ತಿದ್ದಳು. ಕಾರ್ಖಾನೆಯ ಕುಲುಮೆಗೆ ಒಳಗೋಡೆ ಕಟ್ಟಲು ಇಂಜಿನಿಯರು, ಮೇಸ್ತ್ರಿ, ಆಳುಗಳು ಎಲ್ಲ ಇದ್ದರು. ಅಮ್ಮನ ಕುಲುಮೆಗೆ ಅಮ್ಮ ಒಬ್ಬಳೇ.

ಆ ಹೊಟ್ಟಿನ ಗುಟ್ಟು ನನಗೆ ತಿಳಿದದ್ದು ಬಹಳ ತಡವಾಗಿ, ಇತಿಹಾಸದ ಪುಸ್ತಕ ಓದುವಾಗ. 1800–01ರಲ್ಲಿ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್, ನಮ್ಮವರು ಉಕ್ಕು ಮಾಡುವ ಬಗೆಯನ್ನು ವಿವರವಾಗಿ ಬರೆದಿದ್ದಾನೆ. ಮಣ್ಣಿನ ಮೂಸೆಯಲ್ಲಿ ಕಬ್ಬಿಣದ ಜೊತೆ ತಂಗಡಿ ಕಡ್ಡಿ, ಹಸಿರೆಲೆ ಇಟ್ಟು, ಬಾಯಿ ಮುಚ್ಚಿ ಕಾಯಿಸುತ್ತಿದ್ದರಂತೆ. ದಕ್ಷಿಣ ಭಾರತದ ಹಳೆಯ ಮೂಸೆಗಳ ಚೂರುಗಳನ್ನು ಈಚೆಗೆ ಪರೀಕ್ಷಿಸಿದವರಿಗೆ ಆ ಮಣ್ಣಿನಲ್ಲಿ ಕಂಡದ್ದು ಭತ್ತದ ಹೊಟ್ಟು! ಹೊಟ್ಟಿನ ಬೂದಿ ಬಹುಪಾಲು ಸಿಲಿಕಾ. ಹೊಟ್ಟು ಉರಿದುಹೋದ ಜಾಗದಲ್ಲಿ ಸಣ್ಣ ಸಣ್ಣ ಗೂಡು ಉಳಿಯುತ್ತವೆ, ಮಣ್ಣು ಹಿಗ್ಗಿ ಕುಗ್ಗಿದರೂ ಬೇಗ ಸೀಳುವುದಿಲ್ಲ. ಪರದೇಶದವರು ಬೆರಗಾದ ಉಕ್ಕಿನ ಮೂಸೆಗೂ ಅಮ್ಮನ ಬಚ್ಚಲೊಲೆಗೂ ಒಂದೇ ಪಾಕ. ಮೂಸೆಯ ಬಗ್ಗೆ ಪುಸ್ತಕಗಳಿವೆ. ಒಲೆಯ ಬಗ್ಗೆ ಯಾರು ಬರೆದರು?

ಇರಲಿ, ನನ್ನ ಇಟ್ಟಿಗೆಯ ಕಥೆಗೆ ಬರುತ್ತೇನೆ. ಮೊದಲನೆಯ ಹಾರ್ಡ್‌ವೇರ್ ಅಂಗಡಿಯವನು ನುಣ್ಣಗಿನ ಕೆಂಪು ಇಟ್ಟಿಗೆ ತೋರಿಸಿ "ಇದೇ ಅದು" ಎಂದ. ಎರಡನೆಯವನು ಗೋಡೆಗೆ ಅಂಟಿಸುವ ಟೈಲ್ಸ್ ತೆಗೆದ. ಕೊನೆಗೆ ದಾರಿ ತೋರಿಸಿದವರು ಬೇಕರಿಯವರು. ಅವರ ಬ್ರೆಡ್ಡಿನ ಭಟ್ಟಿಯೊಳಗೆ ಇರುವುದೂ ಅದೇ ಇಟ್ಟಿಗೆಯಂತೆ. "ಫೌಂಡ್ರಿಗಳಿಗೆ ಸಾಮಾನು ಕೊಡೋ ಅಂಗಡಿಗೆ ಹೋಗಿ ಅಕ್ಕಾ" ಎಂದರು.

ಅಲ್ಲಿ ಸಿಕ್ಕಿತು. ಬಿಳಿಹಳದಿ ಬಣ್ಣ, ಒಂಬತ್ತು ಅಂಗುಲ ಉದ್ದ, ನಾಲ್ಕೂವರೆ ಅಗಲ, ಮೂರು ದಪ್ಪ. ಕೈಗೆತ್ತಿಕೊಂಡರೆ ಹೆಚ್ಚು ಕಡಿಮೆ ನಾಲ್ಕು ಕಿಲೋ. ಎರಡನ್ನು ಒಂದಕ್ಕೊಂದು ತಟ್ಟಿದರೆ ಠಣ್ಣೆನ್ನಬೇಕು. ಮೈಮೇಲಿನ ಗುರುತು ನೋಡಿ ಕೊಳ್ಳಬೇಕು: ಐ.ಎಸ್. 6 ಸಾಧಾರಣ ಶಾಖಕ್ಕೆ, ಐ.ಎಸ್. 8 ಹೆಚ್ಚಿನದಕ್ಕೆ. ಹಿತ್ತಲಿನ ಕೆಂಡಕ್ಕೆ ಮೊದಲನೆಯದೇ ಧಾರಾಳ. ಬೆಲೆ ಮಾತ್ರ ಮಾಮೂಲಿ ಇಟ್ಟಿಗೆಯ ಹಲವು ಪಟ್ಟು. ಹೊರಗೋಡೆಗೆ ಮಾಮೂಲಿ, ಕೆಂಡ ತಾಗುವ ಕಡೆಗೆ ಮಾತ್ರ ಇದು ಎಂದು ಲೆಕ್ಕ ಹಾಕಿ ಮೂವತ್ತು ಕೊಂಡೆ. ಜೊತೆಗೆ ಒಂದು ಚೀಲ ಫೈರ್ ಕ್ಲೇ, ಏಕೆಂದರೆ ಇದಕ್ಕೆ ಸಿಮೆಂಟು ಸಲ್ಲದು. ಮಜ್ಜಿಗೆಯ ಹದಕ್ಕೆ ಕಲಸಿ, ಸಂದು ಕಾಣದಷ್ಟು ತೆಳ್ಳಗೆ ಹಚ್ಚಬೇಕು.

"ಹಳೇದು ಅಗ್ಗಕ್ಕೆ ಸಿಗಲ್ವಾ?" ಎಂದೆ. "ಕಾರ್ಖಾನೆ ಕುಲುಮೆಯಿಂದ ಕಿತ್ತಿದ್ದು ಅಡುಗೆಗೆ ಬೇಡಮ್ಮ, ಏನೇನು ಲೋಹ ಕುಡಿದಿರುತ್ತೋ" ಎಂದ ಅಂಗಡಿಯವನು. ಅಪ್ಪ ತರದಿದ್ದದ್ದೇ ಒಳ್ಳೆಯದಾಯಿತು ಎನ್ನೋಣವೇ? ಅವರು ತರದಿದ್ದದ್ದು ಆ ಕಾರಣಕ್ಕಲ್ಲ. ಅಮ್ಮ ಕೇಳಿದ್ದೂ ಬಚ್ಚಲಿಗೇ ಹೊರತು ಅಡುಗೆಗಲ್ಲ.

ಒಲೆ ಎದ್ದಿತು. ಒಂದು ವಾರ ಒಣಗಿಸಿ, ಮೊದಲ ದಿನ ತೆಂಗಿನ ಗರಿಯ ಸಣ್ಣ ಉರಿ, ಮರುದಿನ ಸ್ವಲ್ಪ ಹೆಚ್ಚು, ಆಮೇಲೆ ಕೆಂಡ. ಒಳಗೆ ತೇವವಿದ್ದಾಗ ಒಮ್ಮೆಲೇ ಉರಿ ಹಾಕಿದರೆ ಈ ಇಟ್ಟಿಗೆಯೂ ಸಿಡಿಯುತ್ತದೆ. ಬದನೆಕಾಯಿ ಗೊಜ್ಜನ್ನು ಮಗ ಎರಡು ಸಲ ಹಾಕಿಸಿಕೊಂಡ.

ಹೊರಮೈಗೆ ಅಮ್ಮನ ಹಾಗೆ ಮಣ್ಣು ಮೆತ್ತೋಣವೆಂದು ಹೊಟ್ಟು ತರಿಸಿ ನಾನೇ ತುಳಿದೆ. ನಾಲ್ಕು ದಿನಕ್ಕೆ ಉದ್ದಕ್ಕೂ ಬಿರುಕು. ಹಿಂದಿನ ಮನೆಯ ಅಜ್ಜಿ ಬೇಲಿಯಾಚೆಯಿಂದ ನೋಡಿ, "ಹೊಟ್ಟು ಎಷ್ಟು ಹಾಕ್ದೆ?" ಎಂದರು. ಬೊಗಸೆ ತೋರಿಸಿದೆ.

"ಸಾಲ್ದು ಕಣೇ" ಎಂದರು.