ಗಣಕಯಂತ್ರದ ಮೊದಲ ಮಾತುಗಳು

ಯಂತ್ರವು ಕೆಡುವುದು ಸಹಜ. ಎಲ್ಲಿ ಕೆಟ್ಟಿತೆಂಬುದನ್ನು ತಾನೇ ಹೇಳುವಂತೆ ಮಾಡಿದುದು ಗಣಕದ ಇತಿಹಾಸದ ಒಂದು ವಿಶೇಷ. 1949ರಲ್ಲಿ ಕೇಂಬ್ರಿಜ್‌ನ ಎಡ್ಸ್ಯಾಕ್ ಗಣಕದಲ್ಲಿ ಡೇವಿಡ್ ವೀಲರ್ ರಚಿಸಿದ 31 ಆದೇಶಗಳು ಕಾಗದದ ಪಟ್ಟಿಯಿಂದ ಕ್ರಮವಿಧಿಯನ್ನು ಸ್ಮೃತಿಗೆ ಏರಿಸುತ್ತಿದ್ದವು. ಅವು ದುಡಿದವು, ಮಾತನಾಡಲಿಲ್ಲ.

1981ರ ಐ.ಬಿ.ಎಂ. ಪಿ.ಸಿ.ಯಾದರೋ, ಚಾಲನೆಗೊಂಡೊಡನೆ ತನ್ನ ಅಂಗಾಂಗಗಳನ್ನು ತಾನೇ ಪರೀಕ್ಷಿಸಿಕೊಳ್ಳುತ್ತಿತ್ತು. ಎಲ್ಲವೂ ಕ್ಷೇಮವಾಗಿದ್ದರೆ ಒಂದು ಕಿರುದನಿ. ಪರದೆಯಲ್ಲಿ 301 ಎಂಬ ಅಂಕಿ ಮೂಡಿದರೆ ದೋಷವು ಕೀಲಿಮಣೆಯದೆಂದು ಅರ್ಥ. ಆದರೆ ಅಂಕಿಯ ಅರ್ಥವನ್ನು ಬಲ್ಲವರು ಮಾತ್ರ ಅದನ್ನು ಓದಬಲ್ಲವರಾಗಿದ್ದರು.

1991ರಲ್ಲಿ ಲೀನಸ್ ಟೋರ್ವಾಲ್ಡ್ಸ್ ಹೊರತಂದ ಲಿನಕ್ಸ್, ಯುನಿಕ್ಸ್ ಪರಂಪರೆಯನ್ನನುಸರಿಸಿ ವಾಕ್ಯಗಳನ್ನೇ ಬರೆಯಿತು. ಸ್ಮೃತಿ, ಡಿಸ್ಕು, ಜಾಲ ಇವುಗಳನ್ನು ಗುರುತಿಸಿದಂತೆಲ್ಲ ಪರದೆಯಲ್ಲಿ ಸಾಲುಗಳು ಮೂಡುವುವು. ಯಂತ್ರವು ಪೂರ್ತಿ ಎದ್ದರೆ ‘ಡಿಮೆಸೇಜ್’ ಎಂಬ ಆಜ್ಞೆಯಿಂದ ಅವನ್ನು ಮತ್ತೆ ಓದಬಹುದು. ಏಳದೆ ನಡುವೆಯೇ ನಿಂತರೆ ಪರದೆಯ ಕೊನೆಯ ಸಾಲುಗಳೇ ಸಾಕ್ಷಿ.

ಮುಂದೆ ಅಂದದ ಚಿತ್ರವೊಂದು ಈ ಸಾಲುಗಳನ್ನು ಮರೆಮಾಡಿತು. ಸಾಮಾನ್ಯರಿಗೆ ಅದು ಹಿತವೆನಿಸಿತು. ದೋಷ ಹುಡುಕುವವನಿಗೆ ಸಾಕ್ಷಿಯೇ ಇಲ್ಲದಂತಾಯಿತು. ಆರಂಭದ ಆಜ್ಞೆಯಲ್ಲಿರುವ ‘ಕ್ವಯಟ್’, ‘ಸ್ಪ್ಲ್ಯಾಷ್’ ಎಂಬೆರಡು ಪದಗಳನ್ನು ಅಳಿಸಿದರೆ ಸಾಲುಗಳು ಮರಳಿ ಕಾಣುತ್ತವೆ. ಇಂದಿಗೂ ಬಲ್ಲವರು ಮೊದಲು ಮಾಡುವ ಕೆಲಸವಿದೇ: ಯಂತ್ರದ ಮೌನವನ್ನು ಮುರಿದು, ಅದು ಕಡೆಯದಾಗಿ ಏನು ಹೇಳಿತೆಂಬುದನ್ನು ಕೇಳುವುದು.