ಕೆಮ್ಮಿನ ಸಿಹಿ ಔಷಧದ ಹಿಂದಿನ ಕಥೆ

ನಮ್ಮ ಜತ್ತ ಸೀಮೆಯಲ್ಲಿ ಕೂಸಿಗೆ ಕೆಮ್ಮು ಬಂದರೆ ಮೊದಲು ಮೆಡಿಕಲ್ ಅಂಗಡಿಗೆ ಓಡುತ್ತೇವೆ. ನಾನೂ ಹಂಗ ಓಡಿದವನೇ. ಮೊಮ್ಮಗನಿಗೆ ಆಗ ಒಂದೂವರೆ ವರ್ಷ. ಡಾಕ್ಟರ ಚೀಟಿ ಇಲ್ಲದ ತಂದ ಔಷಧವನ್ನು ಅಡಿಗಿಮನಿ ಚಮಚದಿಂದ ಎರಡು ಸಲ ಕುಡಿಸಿದೆ. ಸಿಹಿ ಇತ್ತು, ಚಪ್ಪರಿಸಿ ಕುಡೀತು. ಆಮೇಲೆ ಮರುದಿನ ಮಧ್ಯಾಹ್ನದ ತನಕ ಸರಿಯಾಗಿ ಕಣ್ಣು ತೆರೀಲಿಲ್ಲ. ಸೊಸಿ ಅಳುತ್ತ ಕೂತಳು. ಹುಡುಗ ಆರಾಮಾದ, ನನ್ನ ಅಂಜಿಕಿ ಮಾತ್ರ ಹೋಗಲಿಲ್ಲ. ವಾಚನಾಲಯದಲ್ಲಿ ಮಾಸ್ತರರ ಕಡೆಯಿಂದ ಓದಿಸಿ ಕೇಳಿ ತಿಳಿದದ್ದನ್ನು ಇಲ್ಲಿ ಬರೀತೀನಿ.

ಕಥೆ ಶುರುವಾಗೋದು ಅಮೇರಿಕಾದಲ್ಲಿ, 1937ರಲ್ಲಿ. ಗಂಟಲು ಬೇನೆಗೆ ಸಲ್ಫಾನಿಲಮೈಡ್ ಅನ್ನೋ ಗುಳಿಗಿ ಬಂದಿತ್ತು, ಒಳ್ಳೇ ಔಷಧನೇ. ಅದನ್ನು ಕುಡಿಯುವ ಹಂಗ ಮಾಡಿಕೊಡ್ರಿ ಅಂತ ಜನ ಕೇಳಿದರು. ಟೆನೆಸಿ ರಾಜ್ಯದ ಮ್ಯಾಸೆಂಗಿಲ್ ಕಂಪನಿಯವರು ಡೈಎಥಿಲೀನ್ ಗ್ಲೈಕಾಲ್ ಅನ್ನೋ ದ್ರವದಲ್ಲಿ ಅದನ್ನು ಕರಗಿಸಿ, ರಾಸ್‌ಬೆರಿ ಹಣ್ಣಿನ ರುಚಿ ಕೂಡಿಸಿದರು. ರುಚಿ ನೋಡಿದರು, ಬಣ್ಣ ನೋಡಿದರು, ವಾಸನಿ ನೋಡಿದರು. ಕುಡಿದವರಿಗೆ ಏನಾಗತೈತಿ ಅಂತ ಮಾತ್ರ ನೋಡಲಿಲ್ಲ. ನೋಡಬೇಕೆಂಬ ಕಾನೂನೂ ಇರಲಿಲ್ಲ. ಆ ದ್ರವ ಸಿಹಿ, ಆದರೆ ಕಿಡ್ನಿ ಕೆಡಿಸುವ ವಿಷ. ಮೂತ್ರ ನಿಂತು, ಹೊಟ್ಟೆ ನೋವಿನಿಂದ ಒದ್ದಾಡಿ ನೂರಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ 34 ಮಕ್ಕಳು.

ಸರಕಾರದವರು ಅಂಗಡಿ ಅಂಗಡಿ, ಮನಿ ಮನಿ ತಿರುಗಿ ಬಾಟ್ಲಿ ಹುಡುಕಿದರು. ತಯಾರಾಗಿದ್ದ 240 ಗ್ಯಾಲನ್ನಿನಲ್ಲಿ 234 ಸಿಕ್ಕಿತು. ಉಳಿದ ಆರು ಗ್ಯಾಲನ್ನಿನಲ್ಲೇ ಇಷ್ಟು ಜೀವ ಹೋದವು. ಜಪ್ತಿ ಮಾಡಲಿಕ್ಕೆ ಕಾನೂನಿನಲ್ಲಿ ಸಿಕ್ಕ ಆಧಾರ ಏನು ಗೊತ್ತೇನ್ರಿ? ವಿಷ ಅನ್ನೋದಲ್ಲ. ಬಾಟ್ಲಿ ಮೇಲೆ 'ಎಲಿಕ್ಸಿರ್' ಅಂತಿತ್ತು. ಆ ಹೆಸರಿಟ್ಟರೆ ಒಳಗೆ ಆಲ್ಕೋಹಾಲ್ ಇರಬೇಕು, ಇರಲಿಲ್ಲ. ಹೆಸರು ತಪ್ಪು, ಅಷ್ಟೇ! ನಮ್ಮ ಹರದೇಶಿ-ನಾಗೇಶಿ ಹಾಡಿಕ್ಯಾಗ ಎದುರಿನವರ ಒಂದು ಶಬ್ದ ಹಿಡಿದು ಜಗ್ಗತೀವಿ. ಅಲ್ಲಿ ಸರಕಾರಕ್ಕೂ ಹಿಡಿಯಲಿಕ್ಕೆ ಸಿಕ್ಕದ್ದು ಒಂದು ಶಬ್ದವೇ. ಮಾರುವ ಮೊದಲು ಔಷಧ ಸುರಕ್ಷಿತ ಅಂತ ತೋರಿಸಬೇಕೆಂಬ ಕಾನೂನು 1938ರಲ್ಲಿ ಬಂತು, ಮಕ್ಕಳು ಮಣ್ಣಾದ ಮೇಲೆ.

ವಿಷ ಅಲ್ಲಿಗೇ ನಿಲ್ಲಲಿಲ್ಲ. ಔಷಧಕ್ಕೆ ಹಾಕುವ ಒಳ್ಳೇ ಗ್ಲಿಸರಿನ್ ತುಟ್ಟಿ, ಇದು ಸ್ವಸ್ತ. 1986ರಲ್ಲಿ ನಮ್ಮ ಮುಂಬಯಿಯ ಜೆ.ಜೆ. ಆಸ್ಪತ್ರೆಯಲ್ಲಿ ಗ್ಲಿಸರಿನ್ನಿನೊಳಗೆ ಇದೇ ಸೇರಿ 14 ರೋಗಿಗಳು ಸತ್ತರು. 2022ರಲ್ಲಿ ಗಾಂಬಿಯಾ ದೇಶದ ಮಕ್ಕಳು. 2025ರಲ್ಲಿ ಮಧ್ಯಪ್ರದೇಶದ ಛಿಂದವಾಡಾ ಕಡೆ 20ಕ್ಕೂ ಹೆಚ್ಚು ಕೂಸುಗಳು ಕೆಮ್ಮಿನ ಔಷಧ ಕುಡಿದು ಹೋದವು. ಆ ಔಷಧದಲ್ಲಿ ಹೆಚ್ಚುಕಡಿಮೆ ಅರ್ಧ ಭಾಗ ಈ ವಿಷವೇ ಇತ್ತು.

ನನ್ನ ಮೊಮ್ಮಗ ಕುಡಿದದ್ದರಲ್ಲಿ ಇದ್ದದ್ದು ಬೇರೆ, ನಿದ್ದೆ ತರಿಸುವ ಕ್ಲೋರ್‌ಫೆನಿರಮೈನ್. ಅದನ್ನು ಫೆನೈಲೆಫ್ರಿನ್ ಜೋಡಿ ಕೂಡಿಸಿದ ಔಷಧ 4 ವರ್ಷದೊಳಗಿನವರಿಗೆ ಬೇಡ ಅಂತ ಬಾಟ್ಲಿ ಮೇಲೆ ಬರೀಬೇಕೆಂದು 2023ರಲ್ಲಿ ಕೇಂದ್ರದ ಆದೇಶ ಆಗೇತಿ. ಆದರೆ ಬರೆಯೋದು ಇಂಗ್ಲಿಷಿನಾಗ, ಇರುವಿಯಂಥ ಅಕ್ಷರದಾಗ. ಕನ್ನಡ ಸಾಲಿ ಕಲಿತ ನಾನು ಓದೋದು ಹೆಂಗ? ಮರಾಠಿ ಓದಿದ ಸೊಸಿ ಓದೋದು ಹೆಂಗ? 2 ವರ್ಷದೊಳಗಿನ ಕೂಸಿಗೆ ನೆಗಡಿ-ಕೆಮ್ಮಿನ ಔಷಧ ಕೊಡಲೇಬಾರದು, 5ರೊಳಗೂ ಸಾಮಾನ್ಯವಾಗಿ ಬೇಡ ಅಂತ 2025ರಲ್ಲಿ ಮತ್ತ ಹೇಳ್ಯಾರ.

ಈ ಮಳಿಗಾಲ ಮೂರು ವರ್ಷದ ಮೊಮ್ಮಗಳಿಗೆ ಕೆಮ್ಮು ಬಂತು. ಉಗುರುಬೆಚ್ಚಗಿನ ನೀರು, ಒಂದಿಷ್ಟು ಜೇನು ಕೊಟ್ಟೆವು. ವರ್ಷ ತುಂಬದ ಕೂಸಿಗೆ ಜೇನೂ ಕೊಡಬಾರದಂತ. ಉಸಿರು ಜೋರಾದರೆ, ಪಕ್ಕೆ ಒಳಗೆ ಎಳೆದರೆ, ಕುಡಿಯೋದು ಬಿಟ್ಟರೆ ತಡಮಾಡದೆ ದವಾಖಾನಿಗೆ ಒಯ್ಯಬೇಕಂತ ಸೊಸಿ ರಾತ್ರಿಯೆಲ್ಲಾ ಎದ್ದೆದ್ದು ನೋಡಿದಳು. ಎಂಟನೇ ದಿನ ಕೆಮ್ಮು ತಾನೇ ನಿಂತಿತ್ತು.