ಬೆವರಿನ ಉಪ್ಪು, ಬೂದಿಯ ಲವಣ

ಆಟದ ಬಯಲಿಗೆ ಇಳಿಯುವ ನಮ್ಮ ಕಾಲೇಜಿನ ಹುಡುಗರು ಈಗ ಬರಿಯ ನೀರನ್ನು ನಂಬುವುದಿಲ್ಲ. ಪಾನೀಯದ ಬಾಟಲಿಯ ಮೇಲೆ ಪೊಟ್ಯಾಸಿಯಂ ಎಂಬ ಹೆಸರು ಕಂಡರೆ ಅವರಿಗೆ ಅರ್ಧ ಗೆಲವು ಕೈಸೇರಿದಂತೆ. ಬೆವರಿನೊಡನೆ ಹರಿದುಹೋದುದನ್ನು ಅದು ತುಂಬಿಕೊಡುತ್ತದಂತೆ. ಈ ನಂಬಿಕೆಯ ಮೂಲವನ್ನು ಹುಡುಕಹೊರಟ ನನಗೆ, ದಾರಿ ಮೊದಲು ಕಲ್ಲಿದ್ದಲ ಗಣಿಯೊಳಕ್ಕೆ ಇಳಿಯಿತು.

ಇಂಗ್ಲೆಂಡಿನ ಆಳವಾದ ಗಣಿಗಳ ಸೆಕೆಯಲ್ಲಿ ದುಡಿಯುತ್ತಿದ್ದವರಿಗೆ ಒಂದು ವಿಚಿತ್ರ ಬಾಧೆಯಿದ್ದಿತು. ಕೈ, ಕಾಲು, ಹೊಟ್ಟೆಯ ಮಾಂಸಖಂಡಗಳು ಸೆಳೆದು ಗಂಟಾಗಿ, ಗಟ್ಟಿಮುಟ್ಟಾದ ಆಳುಗಳೇ ನೆಲಕ್ಕುರುಳಿ ಒದ್ದಾಡುತ್ತಿದ್ದರು. ನೀರು ಸಾಲದೆ ಹೀಗಾಯಿತೆನ್ನುವಂತಿರಲಿಲ್ಲ. ಹೊಟ್ಟೆ ತುಂಬ ನೀರು ಕುಡಿದವರನ್ನೇ ಈ ಸೆಳೆತ ಹಿಡಿಯುತ್ತಿತ್ತು. 1923ರಲ್ಲಿ ಕೆ. ನೆವಿಲ್ ಮಾಸ್ ಎಂಬ ಗಣಿಶಾಸ್ತ್ರಜ್ಞ ಇದರ ಕಾರಣವನ್ನು ವಿವರಿಸಿದ. ಬೆವರಿನಲ್ಲಿ ಉಪ್ಪು ಹೋಗುತ್ತದೆ. ಮೇಲೆ ಬರಿಯ ನೀರು ಸೇರಿದರೆ ಮೈಯೊಳಗಿನ ದ್ರವ ಇನ್ನೂ ತೆಳುವಾಗುತ್ತದೆ. ಕುಡಿಯುವ ನೀರಿಗೆ ಉಪ್ಪು ಬೆರೆಸಿದಾಗ ಬಾಧೆ ತಗ್ಗಿತು. ಉಪ್ಪು ಹಾಕಿದ ಮಜ್ಜಿಗೆ ಕುಡಿದು ಬಿಸಿಲಿಗೆ ಹೋಗುವ ನಮ್ಮ ರೈತನಿಗೆ ಇದು ಹೊಸ ಸುದ್ದಿಯೆನಿಸಲಾರದು.

1931ರ ಬೇಸಿಗೆಯಲ್ಲಿ ಅಮೆರಿಕದ ಹೂವರ್ ಅಣೆಕಟ್ಟಿನ ಕೆಲಸಗಾರರಲ್ಲಿ ಹಲವರು ಬಿಸಿಲಿನ ಝಳಕ್ಕೆ ಸತ್ತರು. ಮರುವರ್ಷ ಹಾರ್ವರ್ಡಿನ ಡೇವಿಡ್ ಡಿಲ್ ಮತ್ತು ಸಂಗಡಿಗರು ಅಲ್ಲಿಗೆ ಹೋಗಿ, ಕೂಲಿಗಳ ರಕ್ತವನ್ನೂ ಬೆವರನ್ನೂ ಪರೀಕ್ಷಿಸಿದರು. ಅಲ್ಲಿಯೂ ಕಂಡುಬಂದದ್ದು ಉಪ್ಪಿನ ಕೊರತೆಯೇ, ಅಂದರೆ ಸೋಡಿಯಂ.

ಹಾಗಾದರೆ ಪೊಟ್ಯಾಸಿಯಂ ಎಲ್ಲಿಂದ ಬಂದಿತು? ಹೆಸರೇನೋ ಬೂದಿಯಿಂದ ಬಂದದ್ದು. ಗಿಡಮರಗಳ ಬೂದಿಯನ್ನು ನೀರಿನಲ್ಲಿ ಕಲಸಿ, ಆ ನೀರನ್ನು ಪಾತ್ರೆಯಲ್ಲಿ ಕಾಯಿಸಿ ಇಂಗಿಸಿದರೆ ಉಳಿಯುವ ಕ್ಷಾರಕ್ಕೆ ಇಂಗ್ಲಿಷರು 'ಪಾತ್ರೆಯ ಬೂದಿ' ಎಂಬರ್ಥದ ಹೆಸರಿಟ್ಟಿದ್ದರು. 1807ರಲ್ಲಿ ಹಂಫ್ರಿ ಡೇವಿ ಅಂತಹ ಕ್ಷಾರದಲ್ಲಿ ವಿದ್ಯುತ್ತನ್ನು ಹರಿಸಿ ಈ ಲೋಹವನ್ನು ಬೇರ್ಪಡಿಸಿದ. ನಮ್ಮ ದೇಹದಲ್ಲಿರುವ ಪೊಟ್ಯಾಸಿಯಮ್ಮಿನಲ್ಲಿ ಸುಮಾರು ಶೇಕಡ 98 ಭಾಗ ಜೀವಕೋಶಗಳ ಒಳಗೇ ಇರುತ್ತದೆ. ವಾಂತಿಭೇದಿಯಲ್ಲಿ ಅದು ಸೋರಿಹೋಗುತ್ತದೆ. 1946ರಲ್ಲಿ ಪ್ರಕಟವಾದ ಗೋವನ್ ಮತ್ತು ಡ್ಯಾರೋ ಎಂಬ ವೈದ್ಯರ ವರದಿಯಂತೆ, ಭೇದಿಯಿಂದ ಬಳಲಿದ ಶಿಶುಗಳಿಗೆ ಕೊಡುವ ದ್ರವಕ್ಕೆ ಪೊಟ್ಯಾಸಿಯಂ ಸೇರಿಸಿದಾಗ ಸಾವು ನೂರಕ್ಕೆ 32ರಿಂದ 6ಕ್ಕೆ ಇಳಿಯಿತು. ಈ ಲವಣದ ನಿಜವಾದ ವಿಜಯವೆಂದರೆ ನನ್ನ ಮಟ್ಟಿಗೆ ಇದೇ. ಇದಕ್ಕೆ ಯಾರೂ ಬಹುಮಾನದ ಬಟ್ಟಲು ಕೊಡಲಿಲ್ಲ.

ಕೀರ್ತಿ ದೊರೆತದ್ದು ಬೇರೆ ಕಡೆ. 1965ರಲ್ಲಿ ಫ್ಲಾರಿಡಾ ವಿಶ್ವವಿದ್ಯಾನಿಲಯದ ಫುಟ್‌ಬಾಲ್ ಪಂದ್ಯಗಳಲ್ಲಿ ಆಟಗಾರರಿಗೆ ಮೂತ್ರವೇ ಬರುವುದಿಲ್ಲವಲ್ಲ, ಏಕೆ ಎಂದು ತರಬೇತಿಗಾರನೊಬ್ಬ ಕೇಳಿದ. ಮೂತ್ರಪಿಂಡದ ತಜ್ಞ ರಾಬರ್ಟ್ ಕೇಡ್ ಮತ್ತು ಅವನ ಜೊತೆಗಾರರು ನೀರು, ಸಕ್ಕರೆ, ಉಪ್ಪು, ಪೊಟ್ಯಾಸಿಯಂ ಬೆರೆಸಿ ಕೊಟ್ಟರು. ಬಾಯಿಗಿಡಲಾರದಷ್ಟು ಕೆಟ್ಟ ರುಚಿ! ನಿಂಬೆಯ ರಸ ಹಿಂಡಿರೆಂದು ಸಲಹೆ ಕೊಟ್ಟವಳು ಕೇಡನ ಹೆಂಡತಿ. 1967ರ ಜನವರಿಯಲ್ಲಿ ಆ ತಂಡ ಆರೆಂಜ್ ಬೌಲ್ ಪಂದ್ಯವನ್ನು ಗೆದ್ದಿತು, ಗೇಟರೇಡ್ ಮನೆಮಾತಾಯಿತು.

1972ರಲ್ಲಿ ಜೇಮ್ಸ್ ನೋಕೆಲ್ ಎಂಬ ವೈದ್ಯ, ಸೆಕೆಯಲ್ಲಿ ಕವಾಯತು ಮಾಡುವ ಸೈನಿಕರಲ್ಲಿ ಪೊಟ್ಯಾಸಿಯಂ ಬರಿದಾಗುವುದೆಂದು ಬರೆದ. ಆದರೆ ಇಂಡಿಯಾನಾ ರಾಜ್ಯದ ಡೇವಿಡ್ ಕಾಸ್ಟಿಲ್ ಮುಂದಿನ ಹತ್ತು ವರ್ಷಗಳಲ್ಲಿ ದಿನಗಟ್ಟಲೆ ಜನರನ್ನು ಬೆವರಿಸಿ ಪರೀಕ್ಷಿಸಿದಾಗ, ಸಾಧಾರಣವಾಗಿ ಉಣ್ಣುವವರಲ್ಲಿ ಅಂಥ ಬರಿದಾಗುವಿಕೆ ಕಾಣಲಿಲ್ಲ. ಲೆಕ್ಕವೂ ಸರಳವೇ. ಒಂದು ಲೀಟರ್ ಬೆವರಿನಲ್ಲಿ ಸೋಡಿಯಂ ಸುಮಾರು ಒಂದು ಗ್ರಾಂ ಇದ್ದರೆ, ಪೊಟ್ಯಾಸಿಯಂ ಅದರ ಐದನೆಯ ಒಂದು ಪಾಲು. ಎರಡು ಲೀಟರ್ ಬೆವರಿನ ನಷ್ಟವನ್ನು ಒಂದು ದೊಡ್ಡ ಬಾಳೆಯಹಣ್ಣು ತೀರಿಸುತ್ತದೆ.

ಎಳನೀರಿನಲ್ಲಂತೂ ಪೊಟ್ಯಾಸಿಯಂ ಧಾರಾಳ, ಸೋಡಿಯಂ ಕಡಮೆ. ಗಂಟೆಗಟ್ಟಲೆ ಬೆವರಿದವನು ಅದರ ಜೊತೆಗೆ ಉಪ್ಪಿನದೇನಾದರೂ ತಿನ್ನಬೇಕಾದೀತು. ಮೂತ್ರಪಿಂಡ ಸೋತವರ ವಿಷಯವೇ ಬೇರೆ. ಹೆಚ್ಚಾದ ಪೊಟ್ಯಾಸಿಯಮ್ಮನ್ನು ಅವರ ದೇಹ ಹೊರಹಾಕಲಾರದೆ ಹೃದಯದ ಬಡಿತವೇ ತಪ್ಪಬಹುದು. ಅವರಿಗೆ ವೈದ್ಯರು ಎಳನೀರನ್ನೂ ಬೇಡವೆನ್ನುತ್ತಾರೆ.